ಗೋಡೆಯಿಲ್ಲದ ಮನೆಗೆ ನಾನು ಬರೆದ ಆಕ್ಷೇಪಣೆ

ಹೋದ ಸೋಮವಾರ ಮುತ್ತಿನಕೊಪ್ಪದ ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ನನಗೆ ಬೈದರು. ಸಣ್ಣ ಬೈಗುಳವಲ್ಲ. ಹತ್ತು ಹದಿನೈದು ಜನರ ಎದುರಿಗೆ, ಕೈ ತಿರುವಿ, ಧ್ವನಿ ಏರಿಸಿ. ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. (ನಮ್ಮ ಯಜಮಾನರು ಇದನ್ನು ಇನ್ನೂ ನಂಬಿಲ್ಲ. ಬೈದದ್ದನ್ನಲ್ಲ, ನಾನು ಬಾಯಿ ಮುಚ್ಚಿಕೊಂಡಿದ್ದನ್ನು.)

ಆದದ್ದು ಇಷ್ಟು. ಅಲ್ಲಿನ ಒಂದು ಸೊಸೈಟಿಯ ಲೆಕ್ಕ ನೋಡಿ ಮುಗಿಸಿ ಎನ್.ಆರ್.ಪುರದ ಬಸ್ಸಿಗೆ ಕಾಯುತ್ತಿದ್ದೆ. ಕಳಿಸಿಕೊಡಲು ಬಂದಿದ್ದ ಸೊಸೈಟಿ ಕಾರ್ಯದರ್ಶಿ, “ಆಡಿಟರಮ್ಮ, ಬಸ್ಸು ಇವತ್ತು ತಡ ಅಂತೆ” ಅಂದರು. ಪಕ್ಕದಲ್ಲಿ ಬಟ್ಟೆಯ ಗಂಟು ಹಿಡಿದು ನಿಂತಿದ್ದ ಹೆಂಗಸು ಗಕ್ಕನೆ ತಿರುಗಿದರು.

“ಮನೆ ಸಾಲದ ಆಫೀಸಿಗೆ ಆಡಿಟ್ ಮಾಡ್ದೋರು ನೀವೇನಾ?”

“ಹೌದು” ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ನನ್ನ ಮನೆ ಸುಳ್ಳು ಅಂತ ಬರ್ದೋರು ನೀವೇ ಅಲ್ದಾ ಹಂಗಾದ್ರೆ?”

“ಯಾವ ಮನೆ?”

“ಯಾವ ಮನೆ ಅಂತೆ. ಎಷ್ಟು ಮನೆ ಹಾಳು ಮಾಡಿದ್ದೀರಿ ಅಂತ ನಿಮಗೆ ಲೆಕ್ಕ ಇಲ್ವಾ? ಲೆಕ್ಕ ನೋಡೋದೇ ನಿಮ್ಮ ಕೆಲಸ ಅಲ್ವಾ?”

ಅಲ್ಲಿಂದ ಶುರುವಾಯಿತು. ಹೆಸರು ಖತೀಜಮ್ಮ ಅಂತ ಆಮೇಲೆ ಗೊತ್ತಾಯಿತು. ಮುತ್ತಿನಕೊಪ್ಪದಲ್ಲಿ ಬಟ್ಟೆ ಹೊಲಿಯುತ್ತಾರೆ. ಗಂಡ ಲಾರಿ ಡ್ರೈವರ್, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಬೈಯುತ್ತಲೇ ಚೀಲದಿಂದ ಒಂದು ನೋಟಿಸ್ ತೆಗೆದು ನನ್ನ ಕೈಗೆ ತುರುಕಿದರು. ‘ಪಡೆದ ಸಾಲವನ್ನೆಲ್ಲ ಮೂವತ್ತು ದಿನದೊಳಗೆ ಹಿಂತಿರುಗಿಸತಕ್ಕದ್ದು. ತಪ್ಪಿದಲ್ಲಿ ನಿವೇಶನವನ್ನು ಬಹಿರಂಗ ಹರಾಜು ಮಾಡಲಾಗುವುದು.’ ಕಾರಣ? ಕೆಳಗೆ ಟೈಪ್ ಮಾಡಿದ್ದರು. ‘ಗೋಡೆಯಿಲ್ಲದೆ ಚಾವಣಿ ನಿರ್ಮಾಣ ಅಸಾಧ್ಯವಾದ್ದರಿಂದ ದೃಢೀಕರಣವು ಸುಳ್ಳೆಂದು ಕಂಡುಬರುತ್ತದೆ.’

ಆ ವಾಕ್ಯ ನನ್ನದು. ಒಂದಕ್ಷರ ಬದಲಾಗಿರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಕೋಪ ಗೊತ್ತು, ನಮ್ಮನೆ ಬೆಕ್ಕು ಗೊತ್ತು, ನಮ್ಮ ಅತ್ತೆಯ ಉಪ್ಪಿನಕಾಯಿ ಭರಣಿಯ ಜಗಳವೂ ಗೊತ್ತು. ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಅಂತ ಮಾತ್ರ ಇದುವರೆಗೆ ಬರೆದಿರಲಿಲ್ಲ. ಕೊಪ್ಪದ ಪೇಟೆಯಲ್ಲಿ ಒಂದು ಮಹಡಿ ಮೇಲೆ ಸಣ್ಣ ಕೋಣೆ, ಎದುರಿಗೆ ಲೆಕ್ಕ ಪರಿಶೋಧಕರು ಅಂತ ಬೋರ್ಡು. (ಅರ್ಧ ಜನ ವಕೀಲರು ಅಂದುಕೊಂಡು ಬರುತ್ತಾರೆ, ಉಳಿದರ್ಧ ಅರ್ಜಿ ಬರೆಸಿಕೊಳ್ಳಲು.) ಯಜಮಾನರು ಹೈಸ್ಕೂಲು ಮೇಷ್ಟ್ರು. ವರ್ಗವಾಗಿ ಕಡೂರು ಕಡೆಯಿಂದ ಬಂದು ಎಂಟು ವರ್ಷವಾಯಿತು. ನಾನು ಅಪ್ಪಟ ಬಯಲುಸೀಮೆಯವಳು. ಇದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ನನ್ನ ಮೂರ್ಖತನದ ಬೇರು ಅಲ್ಲೇ ಇದೆ.

ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಒಂದು ಸರ್ಕಾರಿ ಸಂಸ್ಥೆ ಇದೆಯಷ್ಟೆ? ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರು ತಾಲ್ಲೂಕಿಗೂ ಸೇರಿ ಅದಕ್ಕೊಂದು ಶಾಖೆ. ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಸಂಪಾದಕರಿಗೆ ನೋಟಿಸ್ ಬರುತ್ತದೆ, ಅವರಿಗೆ ಮೊದಲೇ ಬಿ.ಪಿ. ಆ ಶಾಖೆಯ ಆಡಿಟ್ ಈ ವರ್ಷ ಮೊದಲ ಸಲ ನನ್ನ ಪಾಲಿಗೆ ಬಂತು. ಮಾರ್ಚ್ ತಿಂಗಳಿಡೀ ಅವರ ಆಫೀಸಿನ ಮೂಲೆ ಟೇಬಲ್ಲಿನಲ್ಲಿ ಕೂತು ಫೈಲುಗಳನ್ನು ತಿರುವಿದೆ.

ಸರ್ಕಾರದ ದುಡ್ಡು ಯಾರದೋ ಜೇಬಿಗೆ ಹೋಗದಂತೆ ಪ್ರತಿ ಆಫೀಸಿನಲ್ಲೂ ಒಂದು ವ್ಯವಸ್ಥೆ ಇರುತ್ತದೆ. ಇಂಟರ್ನಲ್ ಕಂಟ್ರೋಲ್ ಅಂತ ಅದರ ದೊಡ್ಡ ಹೆಸರು. ವಿಷಯ ಸಣ್ಣದು. ಒಬ್ಬನ ಕೈ ಒಂಟಿಯಾಗಿ ತಿಜೋರಿಗೆ ಹೋಗಬಾರದು. ಒಬ್ಬ ಕಣ್ಣಾರೆ ನೋಡಬೇಕು, ಇನ್ನೊಬ್ಬ ತಾಳೆ ಹಾಕಬೇಕು, ಮೂರನೆಯವ ಚೆಕ್ಕು ಬರೆಯಬೇಕು. ಮನೆ ಸಾಲದಲ್ಲಿ ಹಣ ಮೂರು ಕಂತಿನಲ್ಲಿ ಬರುತ್ತದೆ. ಅಡಿಪಾಯ ಆದ ಮೇಲೆ ಒಂದು, ಗೋಡೆ ಎದ್ದ ಮೇಲೆ ಒಂದು, ಚಾವಣಿ ಬಿದ್ದ ಮೇಲೆ ಒಂದು. ಪ್ರತಿ ಸಲವೂ ಓವರ್‌ಸಿಯರ್ ಹೋಗಿ ನೋಡಿ ಬರೆದುಕೊಡಬೇಕು, ಸಾಲಗಾರ ಮನೆಯ ಮುಂದೆ ನಿಂತ ಫೋಟೋ ಇರಬೇಕು. ಫಾರಂ ಅಚ್ಚಾಗಿ ಬರುವುದು ಬೆಂಗಳೂರಿನಿಂದ. ಒಂದು, ಎರಡು, ಮೂರು ಅಂತ ಅದರಲ್ಲಿ ಮನೆ ಅಡಿಯಿಂದ ಮುಡಿಗೆ ಏರುತ್ತದೆ.

ಎಲ್ಲ ಫೈಲುಗಳೂ ಹೀಗೆಯೇ ಏರುತ್ತಿದ್ದವು. ಒಂದು ಮಾತ್ರ ತಲೆಕೆಳಗು. ಅಡಿಪಾಯದ ಕಂತು ಸರಿಯಾಗಿದೆ. ಆಮೇಲೆ ನೇರ ಚಾವಣಿಯ ಕಂತು! ಓವರ್‌ಸಿಯರ್ ತನ್ನ ಕೈಬರಹದಲ್ಲಿ ಒಂದೇ ಸಾಲು ಬರೆದಿದ್ದಾನೆ: ‘ಸ್ಥಳಕ್ಕೆ ಹೋಗಿ ನೋಡಿದೆ. ಮಾಡು ಆಗಿದೆ, ಗೋಡೆ ಬಾಕಿ.’ ಮಾಡು ಅಂದರೆ ಈ ಕಡೆ ಚಾವಣಿ. ಈಗ ಗೋಡೆಯ ಕಂತು ಕೊಡಿ ಅಂತ ಅರ್ಜಿ ಬಂದು ಕೂತಿದೆ. ಫೋಟೋ ಇರಲಿಲ್ಲ. ಕ್ಯಾಮೆರಾದವನು ಸಿಗಲಿಲ್ಲವೆಂದು ಅದನ್ನೂ ಬರೆದಿದ್ದ.

ನಾನು ನಕ್ಕೆ. ಗೋಡೆ ಇಲ್ಲದೆ ಚಾವಣಿ ಎಲ್ಲಿ ನಿಂತಿದೆ, ಗಾಳಿಯಲ್ಲಾ? ನಮ್ಮೂರಿನಲ್ಲಿ ಗೋಡೆ ಎದ್ದು, ಅದರ ಮೇಲೆ ತೊಲೆ ಕೂತು, ಅದರ ಮೇಲೆ ಮಣ್ಣಿನ ಮಾಳಿಗೆ ಬೀಳಬೇಕು. ಮೂರು ತಲೆಮಾರಿನಿಂದ ಹಾಗೆಯೇ. ಕಳ್ಳತನ ಮಾಡುವವರಿಗೆ ಕೊನೇಪಕ್ಷ ಕ್ರಮವಾಗಿ ಮಾಡಲೂ ಬರುವುದಿಲ್ಲವಲ್ಲ ಅಂದುಕೊಂಡು, ಆ ಸೊಗಸಾದ ವಾಕ್ಯ ಬರೆದೆ. ಬರೆದು ನನಗೆ ನಾನೇ ಮೆಚ್ಚಿಕೊಂಡೆ. ಆಗ ಆ ಫೈಲಿನ ಮೇಲಿದ್ದ ಹೆಸರನ್ನೂ ಸರಿಯಾಗಿ ಓದಿರಲಿಲ್ಲ.

ಈಗ ಬಸ್ ಸ್ಟಾಪಿಗೆ ವಾಪಸ್ ಬನ್ನಿ.

“ನನ್ನ ಮನೆ ಇಲ್ಲಿಂದ ಹತ್ತು ನಿಮಿಷ” ಅಂದರು ಖತೀಜಮ್ಮ. “ಸುಳ್ಳು ಮನೆ ಹೆಂಗಿರ್ತದೆ ಅಂತ ಬಂದು ನೋಡಿ.”

ಅಷ್ಟರಲ್ಲಿ ಬಸ್ಸೂ ಬಂತು. ಕಾರ್ಯದರ್ಶಿ ನನ್ನ ಬ್ಯಾಗನ್ನು ಒಳಗೆ ಇಡಲು ಕೈ ಚಾಚಿದರು. ಜನ ನನ್ನನ್ನೇ ನೋಡುತ್ತಿದ್ದರು. ಹತ್ತಿಬಿಡಬಹುದಿತ್ತು. ನಿಜ ಹೇಳುತ್ತೇನೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಇದ್ದೆ. ಆದರೆ ಆ ಹೆಂಗಸಿನ ಮುಖದಲ್ಲಿ ಕಳ್ಳರ ಕಳೆಯೇ ಇರಲಿಲ್ಲ. ಕಳ್ಳರು ಆಡಿಟರನ್ನು ಮನೆಗೆ ಕರೆಯುತ್ತಾರಾ? ಬಸ್ಸು ಹೋಯಿತು, ನಾನು ಅವರ ಹಿಂದೆ ಹೋದೆ.

ಮನೆ ಇತ್ತು.

ಕಲ್ಲಿನ ಅಡಿಪಾಯ. ಅದರ ಮೇಲೆ ಸಾಲಾಗಿ ಮರದ ಕಂಬಗಳು. ಕಂಬಗಳ ಮೇಲೆ ಅಚ್ಚುಕಟ್ಟಾದ ಇಳಿಜಾರು ಮಾಡು, ಕೆಂಪು ಹೆಂಚು. ಒಂದು ಹೆಂಚೂ ಓರೆಯಾಗಿರಲಿಲ್ಲ. ಕೆಳಗೆ ಗೋಡೆ ಎಲ್ಲಿರಬೇಕಿತ್ತೋ ಅಲ್ಲಿ ಬಿದಿರಿನ ತಟ್ಟಿ, ಹಳೇ ಸೀರೆ, ಒಂದು ಕಡೆ ಗೋಣಿಚೀಲ. ನಡುವೆ ಹೊಲಿಗೆ ಮೆಷಿನ್. ಅದರ ಪಕ್ಕದಲ್ಲಿ ಯಾರದೋ ಮದುವೆಯ ರವಿಕೆಗಳು ಮಡಿಸಿಟ್ಟಿದ್ದವು. ಹಿಂದಿನ ಅರ್ಧಭಾಗದ ತುಂಬ ಹಸಿ ಇಟ್ಟಿಗೆಗಳನ್ನು ನೆರಳಲ್ಲಿ ಒಣಗಲು ಸಾಲು ಸಾಲಾಗಿ ಜೋಡಿಸಿದ್ದರು.

“ಇದನ್ನು ಹೀಗೆ ಯಾಕೆ ಕಟ್ಟಿದಿರಿ?” ಅಂದೆ. ಈಗ ಆ ಪ್ರಶ್ನೆ ನೆನೆದರೆ ಕಿವಿ ಬಿಸಿಯಾಗುತ್ತದೆ.

ಖತೀಜಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮತ್ತೆಂತ ಮಾಡ್ಬೇಕಿತ್ತು? ಮೊದ್ಲ ಕಂತು ಕೈಗೆ ಸಿಗುವಾಗ ಹೋದ ವರ್ಷದ ಏಪ್ರಿಲ್. ಅಡಿಪಾಯಕ್ಕೆ ಆದ ಸಾಲ ತೀರ್ಸೋ ಹೊತ್ತಿಗೆ ಮಳೆಗೆ ಇನ್ನು ಒಂದೂವರೆ ತಿಂಗಳು. ಮಣ್ಣಿನ ಗೋಡೆ ಮೊದ್ಲು ಕಟ್ಟಿದ್ರೆ ಮಾಡು ಏರೋದ್ರೊಳಗೆ ಮಳೆ ಬರ್ತದೆ. ಗೋಡೆ ಕರಗಿ ಗದ್ದೆಗೆ ಹೋಗ್ತದೆ. ಅದಕ್ಕೆ ಕಂಬ ನಿಲ್ಸಿ ಮಾಡು ಹೊದೆಸೋದು. ಆಮೇಲೆ ಮಾಡಿನ ಅಡೀಲಿ ನಿಧಾನ ಗೋಡೆ ಎಬ್ಬಿಸ್ಬೋದು. ಕೈಯಲ್ಲಿ ದುಡ್ಡು ಕಮ್ಮಿ ಇರೋರು ಎಲ್ರೂ ಹಂಗೇ ಮಾಡೋದು. ಎಂಟು ವರ್ಷದಿಂದ ಇಲ್ಲಿದ್ದೀರಿ ಅಂತೀರಿ, ಒಂದು ಮನೆ ಕಟ್ಟೋದೂ ನೋಡ್ಲಿಲ್ವಾ?”

ನೋಡಿರಲಿಲ್ಲ. ಎಂಟು ವರ್ಷದಿಂದ ಬಸ್ಸಿನ ಕಿಟಕಿಯಿಂದ ಬರೀ ಕಂಬಗಳ ಮೇಲೆ ನಿಂತ ಹೆಂಚಿನ ಮಾಡುಗಳನ್ನು ಕಂಡಿದ್ದೇನೆ. ದನದ ಕೊಟ್ಟಿಗೆಯೋ ಸೌದೆ ಮನೆಯೋ ಅಂದುಕೊಂಡಿದ್ದೆ.

“ನಿಮ್ಮ ಫಾರಂ ಬರ್ದೋರಿಗೆ ಇದು ಗೊತ್ತಿಲ್ಲ, ಸರಿ. ಅವರು ಬೆಂಗಳೂರಲ್ಲಿದ್ದಾರೆ” ಅಂದರು. “ಮನೆ ಕಟ್ಟಿ ನೋಡು ಅಂತ ಗಾದೆ ಹೇಳ್ತಾರೆ ನಮಗೆ. ಕಟ್ಟಿದ್ದಾಯ್ತು. ನೋಡೋರು ಯಾರು?”

“ಓವರ್‌ಸಿಯರ್ ಬಂದು ನೋಡಿದ್ದನಲ್ಲ?”

“ಅವ್ರೊಬ್ರೇ ಬಂದದ್ದು. ಸೈಕಲ್ ತುಳ್ಕಂಡು. ಇಲ್ಲೇ ಕೂತು ನಿಜ ಬರ್ದ್ರು. ಅದಕ್ಕೆ ಅವ್ರಿಗೂ ನಿಮ್ಮಿಂದ ಮೆಮೊ ಸಿಕ್ತಂತೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಹಾಕಿದ್ದು ಅದಕ್ಕಿಂತ ಘನಕಾರ್ಯ. ಎತ್ತಿಗೂ ಜ್ವರ ಇರಲಿಲ್ಲ.

ಚಾ ಕೊಟ್ಟರು. ಬೈದವರೇ ಚಾ ಕೊಟ್ಟಾಗ ಕುಡಿಯುವುದು ಎಷ್ಟು ಕಷ್ಟ ಅಂತ ಆವತ್ತು ತಿಳಿಯಿತು. ನನ್ನ ಮಾನ ಉಳಿಸಿಕೊಳ್ಳಲು ಏನಾದರೂ ಹೇಳಬೇಕಲ್ಲ? ಹೇಳಿದೆ. “ನೋಡಿ ಖತೀಜಮ್ಮ, ಬೇರೆ ಫೈಲುಗಳೆಲ್ಲ ಕ್ರಮವಾಗಿದ್ದವು. ಕಡಹಿನಬೈಲಿನದೊಂದು, ಹಿರೇಕೊಡಿಗೆಯದೊಂದು, ಎಷ್ಟು ಚೆನ್ನಾಗಿದ್ದವು ಅಂದರೆ ಮಾದರಿ ಅಂತಲೇ ಬರೆದಿದ್ದೇನೆ. ಜೂನ್‌ನಲ್ಲಿ ಅಡಿಪಾಯ, ಜುಲೈನಲ್ಲಿ ಗೋಡೆ, ಆಗಸ್ಟ್‌ನಲ್ಲಿ ಚಾವಣಿ. ತಿಂಗಳಿಗೊಂದು ಫೋಟೋ.”

ಖತೀಜಮ್ಮ ಲೋಟ ಕೆಳಗಿಟ್ಟರು.

“ಯಾವ ಜುಲೈ?”

“ಹೋದ ವರ್ಷದ್ದು.”

“ಜುಲೈಲಿ ಗೋಡೆ ಕಟ್ಟಿದ್ರಾ? ಕಡಹಿನಬೈಲಲ್ಲಿ?” ಅವರಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಆಷಾಢದ ಮಳೇಲಿ ನಾವು ಒಲೆ ಹಚ್ಚೋದೇ ಕಷ್ಟ. ಅವ್ರು ಗೋಡೆ ಕಟ್ಟಿ ಫೋಟೋನೂ ತೆಗೆಸಿದ್ರಾ? ಫೋಟೋದಲ್ಲಿ ಬಿಸಿಲಿತ್ತಾ ಆಡಿಟರಮ್ಮ?”

ಇತ್ತು. ಒಳ್ಳೇ ಬಿಸಿಲು. ಸಾಲಗಾರ ಕಣ್ಣು ಕಿರಿದು ಮಾಡಿ ನಿಂತಿದ್ದ. ನೆರಳು ನೆಲದ ಮೇಲೆ ಕಪ್ಪಗೆ ಬಿದ್ದಿತ್ತು. ನನ್ನ ಚಾ ತಣ್ಣಗಾಯಿತು.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಅನ್ನುತ್ತಾರೆ. ನಮ್ಮ ಆಡಿಟಿನಲ್ಲೂ ಅದೇ ಶಾಸ್ತ್ರ. ನೂರು ಫೈಲಿದ್ದರೆ ಹತ್ತು ತೆಗೆದು ನೋಡುತ್ತೇವೆ. ಆದರೆ ನಾನು ಹಿಚುಕಿದ್ದು ಎಲ್ಲಿ? ಪಾತ್ರೆಯ ಮೇಲೆ ಅಂಟಿಸಿದ ‘ಅನ್ನ ಬೆಂದಿದೆ’ ಅನ್ನುವ ಚೀಟಿಯನ್ನು ಓದಿ, ಸಹಿ ಸರಿ ಇದೆಯಾ ಅಂತ ನೋಡಿ ಎದ್ದು ಬಂದಿದ್ದೆ.

ನೀವೂ ಹಾಗೆಯೇ ಅಲ್ಲವೇ, ನಗಬೇಡಿ. ಮಗುವಿನ ಮುಖ ನೋಡುವ ಮುಂಚೆ ಪ್ರೋಗ್ರೆಸ್ ಕಾರ್ಡ್ ನೋಡುವವರು ಎಷ್ಟು ಜನರಿಲ್ಲ? ಎದುರಿಗೆ ನಿಂತ ಮನುಷ್ಯ ಹಸಿದಿದ್ದಾನೆ ಅಂತ ಕಂಡರೂ ರೇಷನ್ ಕಾರ್ಡ್ ಎಲ್ಲಿ ಅಂತ ಕೇಳುವುದಿಲ್ಲವೇ? ಕಾಗದ ನೋಡುವುದು ಸುಲಭ. ಅದು ಮೇಜಿನ ಮೇಲೇ ಇರುತ್ತದೆ, ಅದನ್ನು ನೋಡಲು ಬಸ್ಸು ಹತ್ತಬೇಕಾಗಿಲ್ಲ.

ಮರುದಿನ ಬಸ್ಸು ಹತ್ತಿದೆ.

ಕಡಹಿನಬೈಲಿನಲ್ಲಿ ಫೈಲಿನ ಸರ್ವೆ ನಂಬರ್ ಹಿಡಿದು ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಒಂದು ಗದ್ದೆ. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜರೊಬ್ಬರನ್ನು ಕೇಳಿದೆ. “ಇಲ್ಲಿ ಹೋದ ವರ್ಷ ಕಟ್ಟಿದ ತಾರಸಿ ಮನೆ ಎಲ್ಲಿದೆ?”

“ಮನೆಯಾ? ಇಲ್ಲಿ ಎಂತ ಮನೆ ಮಾರಾಯ್ತಿ. ನಾನು ಹುಟ್ಟಿದಾಗಿಂದ ಇದು ಗದ್ದೆ.”

“ಜುಲೈನಲ್ಲಿ ಗೋಡೆ ಎದ್ದಿದೆ ಅಂತ ಕಾಗದದಲ್ಲಿ ಇದೆಯಲ್ಲ.”

“ಜುಲೈಲಿ ಇಲ್ಲಿ ನಾಟಿ ಮಾಡಿದ್ದು ನಾನೇ. ಮೊಣಕಾಲು ಮಟ್ಟ ಕೆಸರು.” ಅಜ್ಜ ಕತ್ತಿಯನ್ನು ಹುಲ್ಲಿಗೆ ಒರೆಸಿದರು. “ಕಾಗದದಲ್ಲಿ ಇದ್ರೆ ಕಾಗದದಲ್ಲೇ ಹುಡ್ಕಿ.”

ಹಿರೇಕೊಡಿಗೆಯಲ್ಲಿ ಮನೆ ಇತ್ತು. ಆದರೆ ಅದು ಆ ಮನೆಯವರ ಅಜ್ಜನ ಕಾಲದ್ದು. ಮುಂದಿನ ಗೋಡೆಗೆ ಮಾತ್ರ ಹೊಸದಾಗಿ ಸುಣ್ಣ ಬಳಿದಿದ್ದರು. “ಆಫೀಸಿನವರು ಕಳಿಸಿದ ಏಜೆಂಟು ಬಂದು ಸುಣ್ಣ ಹೊಡ್ಸಿ, ನಿಲ್ಸಿ ಫೋಟೋ ತೆಗ್ದ್ರು. ಸಾಲದಲ್ಲಿ ನಮಗೆ ಸ್ವಲ್ಪ ಕೊಟ್ರು, ಉಳಿದದ್ದು ಖರ್ಚು ಅಂದ್ರು” ಅಂತ ಆ ಮನೆಯ ಯಜಮಾನಿತಿ ಮುಚ್ಚುಮರೆ ಇಲ್ಲದೆ ಹೇಳಿದರು. ತಾವು ತಪ್ಪು ಮಾಡಿದ್ದೇವೆ ಅಂತ ಅವರಿಗೆ ಅನ್ನಿಸಿಯೂ ಇರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಎರಡು ಫೈಲಿನಲ್ಲಿ ನೋಡಿದೆ ಅಂತ ಬರೆದ ಇನ್ನೊಬ್ಬ ಓವರ್‌ಸಿಯರ್ ನೋಡಿರಲಿಲ್ಲ. ತಾಳೆ ಹಾಕಿದವನು ಸುಳ್ಳಿಗೆ ಸುಳ್ಳನ್ನು ತಾಳೆ ಹಾಕಿದ್ದ. ಚೆಕ್ಕು ಬರೆದವನಿಗೆ ಎರಡು ಸಹಿ ಸಾಕಾಗಿತ್ತು. ಕೊನೆಗೆ ಆಡಿಟರು ಬಂದರು. ಅವರು ಸುಳ್ಳಿಗೆ ಮಾದರಿ ಅಂತ ಷರಾ ಬರೆದು, ನಿಜಕ್ಕೆ ಸುಳ್ಳು ಅಂತ ಆಕ್ಷೇಪಣೆ ಬರೆದರು. ಮಳೆ ಯಾವಾಗ ಬರುತ್ತದೆ ಅಂತ ಈ ಊರಿನ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು, ಕೊಡೆ ಹಿಡಿದೇ ಎಂಟು ಮಳೆಗಾಲ ಕಳೆದಿದ್ದೇನೆ. ಆಫೀಸಿನ ಕುರ್ಚಿಯಲ್ಲಿ ಕೂತಾಗ ಮಾತ್ರ ಹೇಗೆ ಮರೆತೆನೋ ಕಾಣೆ.

ಬುಧವಾರ ಬೆಳಿಗ್ಗೆ ಶಾಖಾಧಿಕಾರಿಗಳ ಎದುರು ಹೋಗಿ ಕೂತೆ. ಸಭ್ಯ ಮನುಷ್ಯ. ಕಾಫಿ ತರಿಸಿದರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿದರು. ಒಂದು ಸಲವೂ ‘ಹೌದಾ?’ ಅಂತ ಆಶ್ಚರ್ಯಪಡಲಿಲ್ಲ. ಅದರಿಂದಲೇ ನನಗೆ ಅರ್ಥವಾಯಿತು.

“ಮೇಡಂ, ನಿಮ್ಮ ರಿಪೋರ್ಟು ಮೇಲಕ್ಕೆ ಹೋಗಿಯಾಗಿದೆ. ಈಗ ನೀವೇ ಅದು ತಪ್ಪು ಅಂದರೆ ನಿಮ್ಮ ಹೆಸರೇ ಹಾಳಾಗುತ್ತೆ” ಅಂದರು. “ಆ ಹೆಂಗಸಿನ ವಿಷಯ ತಾನೇ? ಬಿಡಿ, ನೋಟಿಸನ್ನು ಮುಂದುವರಿಸೋದಿಲ್ಲ. ಫೈಲು ಕೆಳಗೆ ಹೋಗುತ್ತೆ, ಎಲ್ಲರೂ ಮರೀತಾರೆ. ಅವರ ಮನೆ ಅವರಿಗೆ ಇರುತ್ತೆ. ಆ ಎರಡು ಫೈಲುಗಳನ್ನು ನೀವೂ ಮರೆತುಬಿಡಿ.”

ಎಷ್ಟು ಸುಲಭ! ಖತೀಜಮ್ಮನ ಮನೆ ಉಳಿಯುತ್ತದೆ. ನನ್ನ ಮರ್ಯಾದೆ ಉಳಿಯುತ್ತದೆ. ಮುಂದಿನ ವರ್ಷದ ಆಡಿಟ್ಟೂ ಉಳಿಯುತ್ತದೆ. ನಾನು ತಕ್ಷಣ ಎದ್ದು ಮೇಜು ಕುಟ್ಟಿ ಬಂದೆ ಅಂತ ಬರೆಯಲು ನನಗೂ ಆಸೆ. ಬರೆಯಲಾರೆ. ಯೋಚಿಸಿ ಹೇಳುತ್ತೇನೆ ಅಂದು ಕಾಫಿ ಮುಗಿಸಿ ಬಂದೆ. ಮನೆ ನನ್ನದಾಗಿದ್ದರೆ ಜಂಬ ಕೊಚ್ಚಬಹುದಿತ್ತು. ಪಣಕ್ಕಿದ್ದದ್ದು ಇನ್ನೊಬ್ಬರ ಮಾಡು, ಇನ್ನೊಬ್ಬರ ಮಕ್ಕಳು ಮಲಗುವ ಜಾಗ. ನನ್ನ ಹಟಕ್ಕೆ ಅವರ ಜಾಗ ಹರಾಜಾದರೆ?

ಅದಕ್ಕೆ ಅವರನ್ನೇ ಕೇಳಲು ಮತ್ತೆ ಮುತ್ತಿನಕೊಪ್ಪಕ್ಕೆ ಹೋದೆ. ಯಜಮಾನರು ಅಂದರು, “ಈ ವಾರ ನೀನು ಬಸ್ಸಿಗೆ ಕೊಟ್ಟ ದುಡ್ಡಲ್ಲಿ ಒಂದು ಗೋಡೆ ಎಬ್ಬಿಸಬಹುದಿತ್ತು.”

ಖತೀಜಮ್ಮ ರವಿಕೆಗೆ ಕಾಜಾ ಹೊಲಿಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಸುಮ್ಮನಿದ್ದರೆ ಆಫೀಸಿನವರು ನೋಟಿಸ್ ಮರೀತಾರೆ, ಬರೆದರೆ ಏನಾಗುತ್ತೋ ಗೊತ್ತಿಲ್ಲ, ಹರಾಜು ಆದರೂ ಆಗಬಹುದು ಅಂದೆ. ಅವರು ಸೂಜಿ ನಿಲ್ಲಿಸಲಿಲ್ಲ.

“ಬಾಯಲ್ಲಿ ಮರೀತೇವೆ ಅಂದ್ರಾ?”

“ಹೌದು.”

“ಕಾಗದ ಕೊಡ್ತಾರಂತಾ?”

“ಇಲ್ಲ.”

“ಹಂಗಾದ್ರೆ ನೋಟಿಸು ಅವ್ರ ಕಪಾಟಲ್ಲೇ ಇರ್ತದೆ.” ದಾರ ಕಡಿದರು. “ಇವತ್ತು ಮರ್ತೋರಿಗೆ ನಾಳೆ ನೆನಪಾಗ್ತದೆ. ಗೋಡೆ ಕಟ್ಟಿ, ಬಾಗ್ಲು ಇಟ್ಟು, ಸುಣ್ಣ ಬಳ್ದ ಮೇಲೆ ನೆನಪಾದ್ರೆ? ನಾನು ದಿನಾ ಆ ಆಫೀಸಿನ ಎದುರು ಕೈ ಕಟ್ಟಿ ನಿಲ್ಬೇಕು. ಅದು ಬೇಡ. ನೀವು ಬರ್ದದ್ದನ್ನ ನೀವೇ ಬರ್ದು ಅಳಿಸ್ಬೇಕು. ಬಾಯಲ್ಲಿ ಅಲ್ಲ.”

“ಹರಾಜು ಮಾಡಿದರೆ?”

“ಮಾಡ್ಲಿ ನೋಡ್ತೇನೆ. ಮಾಡು ನಾನು ಹೊದ್ಸಿದ್ದು. ನನ್ನ ಗಂಡ ಲಾರೀಲಿ ಹೆಂಚು ತಂದದ್ದು, ನಾನೂ ನನ್ನ ಎರಡು ಹೆಣ್ಮಕ್ಳೂ ಸಾಲಾಗಿ ನಿಂತು ಕೈಯಿಂದ ಕೈಗೆ ಮೇಲೆ ಕೊಟ್ಟದ್ದು. ಊರೋರೆಲ್ಲ ನೋಡಿದ್ದಾರೆ. ಅದನ್ನ ಸುಳ್ಳು ಅಂತ ಕೂಗೋಕೆ ಯಾರಿಗೆ ಬಾಯಿ ಬರ್ತದೆ?” ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. “ನಿಮಗೆ ಹೆದರಿಕೆ ಆಗ್ತದಾ?”

ಆಗುತ್ತದೆ ಅಂದೆ. ಸುಳ್ಳು ಹೇಳಲು ಅದು ಜಾಗವಾಗಿರಲಿಲ್ಲ.

“ನನಗೂ ಆಗ್ತದೆ” ಅಂದರು. “ಆದ್ರೂ ಬರೀರಿ.”

ಗುರುವಾರ ಬೆಳಗ್ಗೆ ಟೈಪ್‌ರೈಟರಿಗೆ ಮೂರು ಕಾರ್ಬನ್ ಇಟ್ಟು ಕೂತೆ. ಇಷ್ಟು ವರ್ಷದಲ್ಲಿ ನೂರಾರು ಆಕ್ಷೇಪಣೆ ಬರೆದಿದ್ದೇನೆ. ನನ್ನ ಮೇಲೆ ನಾನೇ ಬರೆದದ್ದು ಅದೇ ಮೊದಲು. ‘ನನ್ನ ವರದಿಯಲ್ಲಿ ಮುತ್ತಿನಕೊಪ್ಪದ ಮನೆಯ ಬಗ್ಗೆ ಬರೆದದ್ದು ತಪ್ಪು. ನಾನು ಸ್ಥಳಕ್ಕೆ ಹೋಗಿರಲಿಲ್ಲ. ಹೋಗಿ ನೋಡಿದ್ದೇನೆ, ಮನೆ ಇದೆ. ಗೋಡೆಯ ಕಂತನ್ನು ತಡೆಯಲು ಕಾರಣವಿಲ್ಲ. ಓವರ್‌ಸಿಯರ್ ಬರೆದದ್ದು ಅಕ್ಷರಶಃ ನಿಜ, ಅವರಿಗೆ ಕೊಟ್ಟ ಮೆಮೊ ವಾಪಸ್ ಪಡೆಯಬೇಕು. ಮಾದರಿ ಎಂದು ನಾನು ಬರೆದ ಎರಡು ಕಡತಗಳಲ್ಲಿ ಒಂದರ ಮನೆ ಇಲ್ಲವೇ ಇಲ್ಲ, ಇನ್ನೊಂದರದು ಸುಣ್ಣ ಬಳಿದ ಹಳೆಯ ಮನೆ.’ ಒಂದು ಪ್ರತಿ ಶಾಖೆಗೆ, ಒಂದು ಜಿಲ್ಲೆಗೆ, ಒಂದು ಬೆಂಗಳೂರಿಗೆ, ಮೂರೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ. ನಾಲ್ಕನೆಯದು ಖತೀಜಮ್ಮನ ಕೈಗೆ. ಅವರದನ್ನು ಓದಿಸಿ ಕೇಳಿ, ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಆ ಕಾಗದಕ್ಕೆ ನನ್ನದೇ ಒಂದು ಸಲಹೆ ಸೇರಿಸಿದ್ದೆ. ಫಾರಮ್ಮಿನಲ್ಲಿ ಒಂದು, ಎರಡು, ಮೂರು ಅನ್ನುವ ಕ್ರಮ ತೆಗೆಯಿರಿ. ಬದಲಿಗೆ ಒಂದು ಸಾಲು ಹಾಕಿ: ನೋಡಲು ಹೋದವರು ಯಾವ ದಿನ, ಯಾವ ಬಸ್ಸಿನಲ್ಲಿ ಹೋದರು, ಟಿಕೆಟ್ ಅಂಟಿಸಿ. (ಸೈಕಲ್ಲಿನಲ್ಲಿ ಹೋಗುವವರಿಗೆ ವಿನಾಯಿತಿ.)

ಮೊನ್ನೆ ಕೆಳಗಿನ ಅಂಗಡಿಯವರು ಕೂಗಿದರು, ಬೆಂಗಳೂರಿನಿಂದ ಟ್ರಂಕ್ ಕಾಲ್. ಮೇಲಿನ ಆಫೀಸಿನ ದೊಡ್ಡವರು. ಅಡಿಕೆ ಮೂಟೆಗಳ ನಡುವೆ ನಿಂತು ಮಾತಾಡಿದೆ.

“ಏನಮ್ಮಾ, ಆಡಿಟರ್ ತಮ್ಮ ರಿಪೋರ್ಟನ್ನು ತಾವೇ ತಪ್ಪು ಅನ್ನೋ ಪದ್ಧತಿ ಎಲ್ಲಾದರೂ ಉಂಟೇ?”

“ಇಲ್ಲ ಸಾರ್” ಅಂದೆ. “ಅದಕ್ಕೇ ಶುರು ಮಾಡಿದ್ದೇನೆ.”

“ಮುಂದಿನ ವರ್ಷ ಪಟ್ಟಿಯಲ್ಲಿ ನಿಮ್ಮ ಹೆಸರು ಇರೋದು ಕಷ್ಟ.”

“ಆಗಲಿ ಸಾರ್. ಖತೀಜಮ್ಮನ ಹೆಸರು ಹರಾಜಿನ ಪಟ್ಟಿಯಿಂದ ತೆಗೀತೀರಾ?”

ಪರಿಶೀಲಿಸಲಾಗುವುದು ಅಂದರು. ಲೈನು ಕಟ್ಟಾಯಿತು. ಅಂಗಡಿಯವರು ಫೋನಿಗೆ ಕರೆದದ್ದಕ್ಕೆ ದುಡ್ಡು ಬೇಡ ಅಂದರು, ಅರ್ಧ ಮಾತು ಅವರಿಗೂ ಕೇಳಿಸಿತ್ತು.

ಪರಿಶೀಲಿಸಲಾಗುವುದು! ನಾನ್ಯಾರು ಅಂತ ಮರೆತರೇನೋ. ಆ ಪದವನ್ನು ನಾನೇ ಎಷ್ಟೋ ವರದಿಗಳಲ್ಲಿ ನೋಡಿದ್ದೇನೆ. ಹತ್ತು ವರ್ಷದ ಹಿಂದೆ ಪರಿಶೀಲಿಸಲಾಗುವುದು ಅಂದದ್ದು ಇನ್ನೂ ಪರಿಶೀಲನೆಯಲ್ಲಿದೆ. ನೋಟಿಸಿನ ಮೂವತ್ತು ದಿನ ಮಾತ್ರ ಯಾರ ಪರಿಶೀಲನೆಗೂ ಕಾಯುವುದಿಲ್ಲ, ಅದು ಬರುವ ಗುರುವಾರಕ್ಕೆ ಮುಗಿಯುತ್ತದೆ. ಶಾಖೆಯ ಬೋರ್ಡಿನ ಮೇಲೆ ನಿನ್ನೆ ಒಂದು ಪ್ರಕಟಣೆ ಅಂಟಿಸಿದ್ದಾರೆ. ಶುಕ್ರವಾರ ಹನ್ನೊಂದು ಗಂಟೆಗೆ ಶಾಖೆಯ ಎದುರು ಮುತ್ತಿನಕೊಪ್ಪದ ನಿವೇಶನದ ಹರಾಜು. ನಾನು ಕಣ್ಣಾರೆ ಓದಿದೆ. (ಈಗೀಗ ಕಣ್ಣಾರೆ ನೋಡದೆ ಏನನ್ನೂ ಬರೆಯುವುದಿಲ್ಲ.)

ಸರಿ. ನನ್ನ ವಾಕ್ಯವನ್ನು ಹಿಡಿದುಕೊಂಡು ಒಬ್ಬ ಹೆಂಗಸಿನ ಮನೆಯನ್ನು ಹರಾಜು ಕೂಗುವುದಾದರೆ, ಕೂಗುವಾಗ ಆ ವಾಕ್ಯ ಬರೆದವಳು ಎದುರಿಗೆ ನಿಂತಿರುತ್ತಾಳೆ. ಖತೀಜಮ್ಮ ಬರುತ್ತಾರೆ, ಅವರ ಗಂಡ ಲಾರಿ ಬಿಟ್ಟು ಬರುತ್ತಾರಂತೆ. ಮೆಮೊ ತಿಂದ ಓವರ್‌ಸಿಯರ್ ಕೂಡ ಬರುತ್ತೇನೆ ಅಂದಿದ್ದಾನೆ, ನಾನು ಬೇಡ ಅಂದರೂ ಕೇಳಲಿಲ್ಲ. ಮೂರು ತಾಲ್ಲೂಕಿನ ಓದುಗರಲ್ಲಿ ಯಾರಿಗೆ ಬಿಡುವಿದೆಯೋ ಬನ್ನಿ. ಜಗಳಕ್ಕಲ್ಲ. ಮಾಡು ಮೊದಲು ಹೊದೆಸಿ ಗೋಡೆ ಆಮೇಲೆ ಕಟ್ಟಿದವರು ನಿಮ್ಮ ಮನೆಯಲ್ಲೂ ಇದ್ದಾರಲ್ಲ, ಅವರನ್ನು ಕರೆದುಕೊಂಡು ಬನ್ನಿ. ಬಂದು ಸುಮ್ಮನೆ ನಿಂತರೆ ಸಾಕು.

ಹರಾಜು ಹಾಕಲೇಬೇಕೆಂಬ ಹಟ ಶಾಖಾಧಿಕಾರಿಗಳಿಗಿದ್ದರೆ ನನ್ನದು ಒಂದೇ ಬೇಡಿಕೆ: ಮೊದಲು ಕಡಹಿನಬೈಲಿನ ತಾರಸಿ ಮನೆಯನ್ನು ಹರಾಜಿಗಿಡಿ ಸ್ವಾಮಿ, ಸವಾಲು ಕೂಗಲು ನಾನೇ ಬರುತ್ತೇನೆ.